ಟಾರ್ಚಣ್ಣನಿಗೆ ಮೂವತ್ತು ಗಂಟೆ ಸೇವೆ

ಇಪ್ಪತ್ತೊಂಬತ್ತು ವರ್ಷ ಒಂದೇ ಚಿತ್ರಮಂದಿರದ ಕತ್ತಲಲ್ಲಿ ನಿಂತು ಜನರಿಗೆ ಸೀಟು ತೋರಿಸಿದವನಿಗೆ ಬೇರೆ ಹೆಸರು ಉಳಿಯುವುದಾದರೂ ಹೇಗೆ? ಟಾರ್ಚಣ್ಣ ಎಂದರೆ ಬೀದಿಗೆಲ್ಲ ಗೊತ್ತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಯಾರಾದರೂ ಕೇಳಿದರೆ ಅವನೇ ಒಂದು ಗಳಿಗೆ ತಡವರಿಸುತ್ತಿದ್ದ. ದಿನಕ್ಕೆ ನಾಲ್ಕು ಆಟ, ಆಟಕ್ಕೊಂದು ಮದುವೆ. ಹೀಗೆ ವಾರಕ್ಕೆ ಇಪ್ಪತ್ತೆಂಟು ಮದುವೆ ಕಣ್ಣಾರೆ ನೋಡಿದ ಪುಣ್ಯಾತ್ಮನಿಗೆ ಸ್ವಂತದ್ದು ಒಂದು ಕೂಡಿಬರಲಿಲ್ಲ. ಚಿತ್ರಮಂದಿರ ಮುಚ್ಚಿ ಟೈರುಗಳ ಗೋದಾಮಾಯಿತು. ಅದಕ್ಕೆ ಮೂರು ವರ್ಷ ಮುಂಚೆಯೇ ಅಣ್ಣ ತೀರಿಕೊಂಡಿದ್ದ. ಉಳಿದವಳು ಅತ್ತಿಗೆ ಒಬ್ಬಳು.

ವಯಸ್ಸಿನಲ್ಲಿ ಅವಳು ಅವನಿಗಿಂತ ಎರಡು ವರ್ಷ ಚಿಕ್ಕವಳು. ಆದರೆ ಅಣ್ಣನ ಹೆಂಡತಿ ಅಣ್ಣನ ಹೆಂಡತಿಯೇ. ಅವನು 'ನೀವು' ಅನ್ನುತ್ತಿದ್ದ, ಅವಳು 'ನೀನು' ಅನ್ನುತ್ತಿದ್ದಳು. ಮಕ್ಕಳಾಗದ ಆ ಹೆಂಗಸು ಊರವರ ಮಕ್ಕಳನ್ನು ನೋಡಿಕೊಂಡು ಬದುಕು ಕಟ್ಟಿಕೊಂಡಿದ್ದಳು. ನರ್ಸುಗಳು, ಅಂಗಡಿಯಲ್ಲಿ ನಿಂತು ಬಟ್ಟೆ ಮಾರುವವರು, ಕಚೇರಿಯ ಗುಮಾಸ್ತೆಯರು ಬೆಳಿಗ್ಗೆ ಎಂಟಕ್ಕೆ ತಮ್ಮ ಕೂಸುಗಳನ್ನು ತಂದು ಅವಳ ಮಡಿಲಿಗೆ ಹಾಕಿ ಹೋದರೆ ಸಂಜೆ ಆರಕ್ಕೆ ಬಂದು ಎತ್ತಿಕೊಳ್ಳುತ್ತಿದ್ದರು. ಎಂಟು ಮಕ್ಕಳು, ಬಾಡಿಗೆಯ ಮನೆ. ಮುಂದೆ ಒಂದು ಹಜಾರ, ಪಕ್ಕಕ್ಕೆ ಅಡುಗೆಮನೆ, ಹಿಂದೆ ಟಾರ್ಚಣ್ಣನ ಕೋಣೆ. ಆ ಕೋಣೆಯಿಂದ ಹಿತ್ತಿಲಿನ ನೀರಿನ ತೊಟ್ಟಿಗೆ ದಾರಿ ಇತ್ತು. ಹರಿದಾಡುವ ಮಕ್ಕಳು ಅತ್ತ ಹೋಗಬಾರದೆಂದು ಅದರ ಬಾಗಿಲಿಗೆ ಹಜಾರದ ಕಡೆಯಿಂದ, ಆಳೆತ್ತರದಲ್ಲಿ, ದಪ್ಪ ಚಿಲಕ ಹಾಕಿಸಿದ್ದಳು.

ಟಾರ್ಚಣ್ಣನಿಗೆ ಅಲ್ಲಿ ಕೆಲಸವಿಲ್ಲ ಅನ್ನುವ ಹಾಗಿಲ್ಲ. ಮಧ್ಯಾಹ್ನ ಮಕ್ಕಳನ್ನು ಮಲಗಿಸುವುದು ಅವನ ಪಾಲಿನದು. ತಾನು ನೋಡಿದ ಸಿನಿಮಾಗಳ ಕಥೆಯನ್ನು ಹಾಡು, ಹೊಡೆದಾಟ, ಅಳು ಎಲ್ಲದರ ಸಮೇತ ಹೇಳುತ್ತಿದ್ದ. ಮಾತು ಬಾರದ ಮಕ್ಕಳು ಬಾಯಿ ತೆರೆದುಕೊಂಡು ಕೇಳುತ್ತ, ಮಧ್ಯಂತರ ಬರುವ ಮುಂಚೆಯೇ ನಿದ್ದೆ ಹೋಗುತ್ತಿದ್ದವು. ಎಚ್ಚರ ಇರುತ್ತಿದ್ದವಳು ಅತ್ತಿಗೆ ಮಾತ್ರ. ಅವಳಿಗೆ ಹೇಳಲು ಹೋದರೆ, "ಸಾಕು ಮಾಡು ಮಾರಾಯ. ನನ್ನ ಕಿವಿ ಏನು ಬಿಟ್ಟಿ ಬಿದ್ದಿದೆಯಾ?" ಅನ್ನುತ್ತಿದ್ದಳು. ತಾಯಂದಿರ ಎದುರಿಗೂ ಅವಳ ನಾಲಿಗೆಗೆ ಲಗಾಮಿರಲಿಲ್ಲ. "ಎಂಟು ಮಕ್ಕಳನ್ನ ಹೇಗೋ ಸುಧಾರಿಸ್ತೀನಿ. ಈ ಒಂಬತ್ತನೇದನ್ನ ಹಿಂದಿನ ಕೋಣೆಗೆ ಹಾಕಿ ಚಿಲಕ ಜಡೀಬೇಕು ನೋಡಿ" ಅನ್ನುವಳು. ಎಲ್ಲರೂ ನಗುವರು, ಟಾರ್ಚಣ್ಣನೂ ನಗುವನು. ಬೈಯುವ ಬಾಯಿ ಅದು. ಊಟಕ್ಕೆ ಮೊದಲು ಬಡಿಸುತ್ತಿದ್ದದ್ದು ಮಾತ್ರ ಅವನಿಗೆ, ತನಗೆ ಬಡಿಸಿಕೊಳ್ಳುತ್ತಿದ್ದದ್ದು ಕೊನೆಗೆ.

ಇಂಥ ಮನೆಗೆ ಒಂದು ಶನಿವಾರ ಮಧ್ಯಾಹ್ನ ಹತ್ತಿರದ ಕಾಲೇಜಿನ ಹುಡುಗಿಯೊಬ್ಬಳು ಸೇವೆ ಮಾಡಲು ಬಂದಳು. ಆ ಕಾಲೇಜಿನಲ್ಲಿ ಒಂದು ನಿಯಮವಿತ್ತು. ಎರಡನೇ ವರ್ಷದವರು ಒಬ್ಬೊಬ್ಬರೂ ಸಮಾಜದ ಒಬ್ಬ ಫಲಾನುಭವಿಯನ್ನು ಹುಡುಕಿಕೊಂಡು ಮೂವತ್ತು ಗಂಟೆ ಸೇವೆ ಮಾಡಬೇಕು, ವಾರವಾರ ವರದಿ ಬರೆಯಬೇಕು. ಮೂವತ್ತು ಗಂಟೆಗೆ ಮೇಷ್ಟ್ರ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಸೇವೆಯನ್ನು ಗಂಟೆಯ ಲೆಕ್ಕದಲ್ಲಿ ಅಳೆದರೆ ಏನಾಗುತ್ತದೋ ಅದೇ ಆಗುತ್ತಿತ್ತು. ಹೊಸ ವರ್ಷದ ತರಗತಿ ಶುರುವಾದ ಕೂಡಲೇ ಸುತ್ತಲ ಬೀದಿಗಳಲ್ಲಿ ಕುರುಡರಿಗೆ, ಕುಂಟರಿಗೆ, ವಿಧವೆಯರಿಗೆ ಎಲ್ಲಿಲ್ಲದ ಬೇಡಿಕೆ ಬರುತ್ತಿತ್ತು. ತಡವಾಗಿ ಹೊರಟವರಿಗೆ ಉಳಿಯುತ್ತಿದ್ದದ್ದು ಟಾರ್ಚಣ್ಣನಂಥವರು.

ಹುಡುಗಿ ಕಡ್ಡಿಯಂತಿದ್ದಳು, ಹೆಗಲಿನ ಬ್ಯಾಗು ಅವಳಿಗಿಂತ ದೊಡ್ಡದು. ಕುತ್ತಿಗೆ ಬಗ್ಗಿಸಿ ಒಂದೊಂದೇ ಅಕ್ಷರ ಕುಕ್ಕಿ ಕುಕ್ಕಿ ಬರೆಯುವುದನ್ನು ನೋಡಿ ಅತ್ತಿಗೆ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಳು. ಬಂದ ದಿನವೇ ಬ್ಯಾಗಿನ ಪಟ್ಟಿ ಕಿತ್ತುಹೋಗಿರುವುದನ್ನು ಕಂಡು, "ಕೊಡಿಲ್ಲಿ, ದಾರಿಯಲ್ಲಿ ಪುಸ್ತಕ ಚೆಲ್ಲಿಕೊಂಡು ಹೋಗ್ತೀಯಾ" ಎಂದು ಕಿತ್ತುಕೊಂಡು ಎರಡು ಎಳೆ ದಾರದಲ್ಲಿ ಹೊಲಿದುಕೊಟ್ಟಳು.

"ತಾತ, ನಿಮ್ಗೆ ಏನಾದ್ರೂ ಸಮಸ್ಯೆ ಇದೆಯಾ?" ಎಂದು ಗುಬ್ಬಿ ಕೇಳಿದಳು.

"ಮೊದಲನೇ ಸಮಸ್ಯೆ ಈ ತಾತ ಅನ್ನೋದು. ಅಂಕಲ್ ಅನ್ನು ಸಾಕು. ಎರಡನೇದು ಎಡಗಾಲಿನ ಮಂಡಿ."

"ಅದಲ್ಲ ಅಂಕಲ್. ಸಾಮಾಜಿಕ ಸಮಸ್ಯೆ."

ಟಾರ್ಚಣ್ಣ ಬಹಳ ಹೊತ್ತು ಯೋಚಿಸಿದ. ಅಂಥದ್ದೇನೂ ಸಿಗಲಿಲ್ಲ. ಹುಡುಗಿ ನಿರಾಸೆಯಿಂದ 'ಇಲ್ಲ' ಎಂದು ಬರೆದುಕೊಂಡಳು. ಆಮೇಲೆ ಎರಡು ಗಂಟೆ ಕಳೆಯಬೇಕಲ್ಲ, ಅವನು ಚಿತ್ರಮಂದಿರದ ಕಥೆ ಹೇಳಿದ. ಪರದೆಗೆ ಇಲಿ ಹತ್ತಿದ್ದು, ಜಗಳವಾಡಿಕೊಂಡು ಬೇರೆ ಬೇರೆ ಸಾಲಿನಲ್ಲಿ ಕೂತ ಗಂಡ ಹೆಂಡತಿಯನ್ನು ಅವನೇ ಮಧ್ಯಂತರದ ನಂತರ ಒಂದೇ ಸಾಲಿಗೆ ತಂದು ಕೂರಿಸಿದ್ದು. ಗುಬ್ಬಿ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಎರಡನೇ ಶನಿವಾರವೂ ಕೇಳಿದಳು. ಹಲ್ಲು ಬಂದು, ಪೂರ್ತಿ ಎಚ್ಚರವಾಗಿರುವ ಒಂದು ಜೀವ ತನ್ನ ಮಾತನ್ನು ಎರಡು ಗಂಟೆ ಕೂತು ಕೇಳಿದ್ದು ಟಾರ್ಚಣ್ಣನ ಜನ್ಮದಲ್ಲಿ ಅದೇ ಮೊದಲು. ವಾರವೆಲ್ಲ ಅವನ ಕಾಲು ನೆಲದ ಮೇಲಿರಲಿಲ್ಲ. "ಶನಿವಾರ ಯಾವತ್ತು ಅತ್ತಿಗೆ?" ಎಂದು ಮಂಗಳವಾರದಿಂದಲೇ ಕೇಳಲು ಶುರುಮಾಡಿದ.

ಮೂರನೆಯ ಶನಿವಾರ ಗುಬ್ಬಿ ಸಪ್ಪೆ ಮೋರೆ ಹಾಕಿಕೊಂಡು ಬಂದು ಹೊಸ್ತಿಲಲ್ಲೇ ನಿಂತಳು. ಅವಳ ಕೈಯಲ್ಲಿದ್ದ ವರದಿಯ ಮೇಲೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಸಮಸ್ಯೆ ಕಂಡುಬಂದಿಲ್ಲ. ಬೇರೆ ಫಲಾನುಭವಿಯನ್ನು ಆರಿಸಿಕೊಳ್ಳಿ.'

"ಈ ನಾಲ್ಕು ಗಂಟೇನೂ ಲೆಕ್ಕಕ್ಕಿಲ್ಲ ಅಂದ್ರು ಅಂಕಲ್. ಆಚೆ ಬೀದೀಲಿ ಒಬ್ರು ಇದ್ದಾರಂತೆ. ಎರಡು ಕಾಲೂ ಇಲ್ವಂತೆ. ಅಲ್ಲಿಗೆ ಹೋಗ್ತೀನಿ."

ಹೇಳಬಾರದು, ಆದರೂ ಹೇಳಬೇಕು: ಟಾರ್ಚಣ್ಣನಿಗೆ ಆ ಕಾಲಿಲ್ಲದವನ ಮೇಲೆ ಹೊಟ್ಟೆಕಿಚ್ಚಾಯಿತು. ತನ್ನ ಎರಡು ಗಟ್ಟಿ ಕಾಲುಗಳ ಮೇಲೆ ಸಿಟ್ಟು ಬಂತು. ಅಡುಗೆಮನೆಯಲ್ಲಿ ಅತ್ತಿಗೆ ಮಕ್ಕಳ ಹಾಲಿನ ಬಾಟಲಿ ತೊಳೆಯುತ್ತಿದ್ದಳು, ನಲ್ಲಿ ಜೋರಾಗಿ ಸುರಿಯುತ್ತಿತ್ತು. ಅವನು ಅತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, "ಎಲ್ಲಾನೂ ಬಾಯಿಬಿಟ್ಟು ಹೇಳೋಕಾಗುತ್ತಾ ಮಗಳೇ?" ಅಂದ.

ಅದು ಅವನ ಮಾತಲ್ಲ. ನಲವತ್ತೊಂದು ವಾರ ಓಡಿದ ಒಂದು ಹಳೆಯ ಸಿನಿಮಾದಲ್ಲಿ ಅತ್ತಿಗೆಯ ಕೈಗೆ ಸಿಕ್ಕಿ ನರಳುವ ಮೈದುನ ಹೇಳುವ ಮಾತು. ಆ ಸಿನಿಮಾ ಬಂದಾಗ ಗುಬ್ಬಿಯ ತಾಯಿಯೇ ಹುಟ್ಟಿದ್ದಳೋ ಇಲ್ಲವೋ. ಗುಬ್ಬಿಯ ಕಣ್ಣು ಅರಳಿತು. ಅವಳು ಒಳಗೆ ಬಂದು ಕೂತಳು, ಪೆನ್ನಿನ ಮುಚ್ಚಳ ತೆಗೆದಳು.

"ಇದನ್ನ ಯಾರ್ಯಾರು ಓದ್ತಾರೆ?" ಎಂದು ಅವನು ಕೇಳಿದ.

"ನಮ್ ಸರ್ ಒಬ್ರೇ ಅಂಕಲ್. ಗೌಪ್ಯ ಅಂತ ಮೇಲೇ ಅಚ್ಚಾಗಿದೆ ನೋಡಿ."

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈ ಭೂಮಿಯ ಮೇಲೆ ಟಾರ್ಚಣ್ಣನಿಗೆ ಇದ್ದದ್ದು ಆ ಮನೆ, ಆ ಅತ್ತಿಗೆ, ಅಷ್ಟೇ. ಅತ್ತಿಗೆಗೆ ಇದ್ದದ್ದು ಒಳ್ಳೆಯ ಹೆಸರೊಂದೇ. ಆ ಹೆಸರನ್ನು ನಂಬಿ ತಾಯಂದಿರು ಮಕ್ಕಳನ್ನು ಬಿಡುತ್ತಿದ್ದರು, ಮಕ್ಕಳಿದ್ದದ್ದರಿಂದ ಮನೆ ನಡೆಯುತ್ತಿತ್ತು. ಹೆಸರು ಹೋದರೆ ಮನೆ ಹೋದ ಹಾಗೆ. ಇಷ್ಟು ತಿಳಿಯದ ಮಂಕನೇನಲ್ಲ ಅವನು. ಆದರೆ ಎದುರಿಗೆ ಒಬ್ಬರು ಕಣ್ಣರಳಿಸಿ ಕೂತಾಗ ಅವನಿಗೆ ಬೇರೇನೂ ಬೇಕಾಗಲಿಲ್ಲ.

ಮೊದಲ ವಾರ ಅತ್ತಿಗೆ ಪಾತ್ರೆಯ ತಳ ಕೆರೆದು ಹಾಕುತ್ತಾಳೆಂದ. ಎರಡನೆಯ ವಾರ, ಸೌಟಿನಲ್ಲಿ ಹೊಡೆಯುತ್ತಾಳೆಂದ. ಮೂರನೆಯ ವಾರ ಹೊಸದೇನು ಹೇಳುವುದೆಂದು ತಿಳಿಯದೆ ಬೇರೊಂದು ಸಿನಿಮಾದಿಂದ ಕತ್ತಲೆ ಕೋಣೆಯನ್ನು ತಂದ. "ಕೆಲವು ದಿನ ಚಿಲಕ ಹಾಕಿ ಹೋಗ್ತಾಳೆ ಮಗಳೇ. ಒಳಗೆ ನಾನು, ನನ್ನ ನೆರಳು, ಇಬ್ಬರೇ." ಗುಬ್ಬಿ ತಲೆಯೆತ್ತಿ ನೋಡಿದಳು. ಚಿಲಕ ಅಲ್ಲೇ ಇತ್ತು, ಹೊರಗಡೆಯಿಂದ, ಆಳೆತ್ತರದಲ್ಲಿ. ಅವಳು ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡಳು.

ಅಷ್ಟು ಹೊತ್ತಿಗೆ ಅತ್ತಿಗೆ ಎರಡು ಲೋಟ ಚಹಾ ತಂದಿಟ್ಟು, "ಏನು, ಇವತ್ತೂ ಅದೇ ಪುರಾಣನಾ? ಇವನ ಮಾತಿಗೆ ತಲೆದೂಗಿ ತಲೆದೂಗಿ ನಿನ್ನ ಕತ್ತು ಉಳುಕೀತು ಗುಬ್ಬಿ. ಒಂದಿನ ಚಿಲಕ ಜಡೀತೀನಿ ಇವನಿಗೆ" ಅಂದಳು. ಎಂದಿನ ಮಾತು, ಎಂದಿನ ನಗು. ಗುಬ್ಬಿ ನಗಲಿಲ್ಲ. ಅತ್ತಿಗೆ ಒಳಗೆ ಹೋದಮೇಲೆ ಟಾರ್ಚಣ್ಣ ಪಿಸುಗುಟ್ಟಿದ: "ಹೊರಗಿನವರ ಮುಂದೆ ಜೇನು." ಅದೂ ಸಿನಿಮಾದ್ದೇ. ಆಮೇಲೆ ಅತ್ತಿಗೆ ಏನು ಮಾಡಿದರೂ ಅವಳಿಗೆ ತಿರುಗುಬಾಣ. ಚಹಾ ಕೊಟ್ಟರೆ ನಾಟಕ, ಕೊಡದಿದ್ದರೆ ಕ್ರೌರ್ಯ. ಬ್ಯಾಗು ಹೊಲಿದುಕೊಟ್ಟದ್ದನ್ನೂ ಗುಬ್ಬಿ ವರದಿಯಲ್ಲಿ ಸೇರಿಸಿದಳು: 'ಸಂದರ್ಶಕರ ವಿಶ್ವಾಸ ಗಳಿಸಲು ಪ್ರಯತ್ನಿಸುತ್ತಾರೆ.'

ಮೇಷ್ಟ್ರ ಕೆಂಪು ಶಾಯಿ ಈಗ 'ಉತ್ತಮ' ಎಂದು ಬರೆಯತೊಡಗಿತು, ಆಮೇಲೆ 'ಅತ್ಯುತ್ತಮ'. ಆ ಮೇಷ್ಟ್ರು ಕೆಟ್ಟವರೆಂದು ಯಾರೂ ಹೇಳಲಾರರು. ಸೇವೆಯ ವಿಷಯದಲ್ಲಿ ಪುಸ್ತಕ ಬರೆದವರು. ವರ್ಷ ವರ್ಷ ಅದೇ ಗಿಡ ನೆಟ್ಟ ವರದಿ, ಅದೇ ರಸ್ತೆ ಗುಡಿಸಿದ ವರದಿ ಓದಿ ಓದಿ ಸೋತಿದ್ದವರಿಗೆ ಕೊನೆಗೂ ಒಂದು ನಿಜವಾದ ಕಣ್ಣೀರು ಸಿಕ್ಕಿತ್ತು. ವರ್ಷದ ಕೊನೆಗೆ ನಡೆಯುವ ಸೇವಾ ಸಮಾರಂಭದಲ್ಲಿ ಗುಬ್ಬಿಯ ವರದಿಯನ್ನೇ ಓದಿಸುವುದೆಂದು ಅವರು ತೀರ್ಮಾನಿಸಿದರು. ಗೌಪ್ಯವೆಂದು ಅಚ್ಚಾಗಿದ್ದದ್ದಕ್ಕೂ ದಾರಿ ಕಂಡುಕೊಂಡರು: ಹೆಸರು ಹೇಳದಿದ್ದರಾಯಿತು. ಹೆಸರು ಹೇಳದೆ, ಆ ಮನುಷ್ಯನನ್ನು ಮಾತ್ರ ವೇದಿಕೆಗೆ ಕರೆದರಾಯಿತು.

"ಸ್ಟೇಜ್ ಮೇಲೆ ಕೂರಿಸ್ತಾರಂತೆ ಅತ್ತಿಗೆ" ಎಂದು ಟಾರ್ಚಣ್ಣ ಬಂದು ಹೇಳಿದ. ಯಾಕೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಎಲ್ಲ ಫಲಾನುಭವಿಗಳಿಗೂ ಒಂದು ಪ್ರಮಾಣಪತ್ರ ಕೊಡುತ್ತಾರೆಂದು ಗುಬ್ಬಿ ಹೇಳಿದ್ದಳು. ಅತ್ತಿಗೆ ಅವನನ್ನು ಮೆಟ್ಟಿಲ ಮೇಲೆ ಕೂರಿಸಿ ಕಿವಿಯ ಹಿಂದಿನ ಕೂದಲನ್ನು ಕತ್ತರಿಯಲ್ಲಿ ಸರಿಮಾಡಿದಳು. ಗಂಡನ ಕೋಟನ್ನು ತೆಗೆದು ತೋಳು ಗಿಡ್ಡ ಮಾಡಿ ಇಸ್ತ್ರಿ ಹಾಕಿದಳು. "ಮೈಕ್ ಸಿಕ್ಕಿತು ಅಂತ ಕಥೆ ಶುರುಮಾಡ್ಬೇಡ. ಪಾಪ, ಅವ್ರಿಗೂ ಮನೆಮಠ ಇರುತ್ತೆ" ಅಂದಳು. ಮಕ್ಕಳನ್ನು ಬಿಟ್ಟು ಅವಳು ಬರುವಂತಿರಲಿಲ್ಲ. ಅವನು ಬೀದಿಯ ತಿರುವು ದಾಟುವವರೆಗೂ ಒಂದು ಕೂಸನ್ನು ಸೊಂಟದಲ್ಲಿಟ್ಟುಕೊಂಡು ನೋಡುತ್ತ ನಿಂತಿದ್ದಳು.

ಸಭಾಂಗಣ ತುಂಬಿತ್ತು. ಗುಬ್ಬಿ ಓದತೊಡಗಿದಳು. ಶುರುವಿನಲ್ಲಿ ಟಾರ್ಚಣ್ಣನಿಗೆ ಅದು ತನ್ನ ಕಥೆಯೆಂದೇ ಹೊಳೆಯಲಿಲ್ಲ; ಶೋಷಣೆ, ನಿರ್ಲಕ್ಷ್ಯ, ಬಂಧನ ಅನ್ನುವ ದಪ್ಪ ದಪ್ಪ ಮಾತುಗಳಿದ್ದವು. ಹಿಂದಿನ ಪರದೆಯ ಮೇಲೆ ಮನೆಯ ಬಾಗಿಲಿನ ಚಿಲಕ ಆಳಿನಷ್ಟು ದೊಡ್ಡದಾಗಿ ಮೂಡಿದಾಗ ಹೊಳೆಯಿತು. ಓದಿ ಮುಗಿದ ಮೇಲೆ ಪ್ರಿನ್ಸಿಪಾಲರು ಅವನತ್ತ ತಿರುಗಿದರು. ಅವರಿಗೆ ಸ್ವಲ್ಪ ಅನುಮಾನವಿದ್ದಿರಬೇಕು. "ಇದೆಲ್ಲಾ ನಿಜಾನೇ? ಭಯ ಬೇಡ. ಅಲ್ಲ ಅಂದ್ರೆ ಅಲ್ಲ ಅನ್ನಿ" ಎಂದು ಮೈಕು ಅವನ ಕೈಗೆ ಕೊಟ್ಟರು.

ಅಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಮೈಕು ಹಿಡಿದು ಸಭೆಯನ್ನು ನೋಡಿದ. ಇಪ್ಪತ್ತೊಂಬತ್ತು ವರ್ಷ ಅವನು ನೋಡಿದ್ದು ಪ್ರೇಕ್ಷಕರ ಬೆನ್ನು, ಬುರುಡೆ. ಅಳುವಾಗ ಅವರ ಮುಖ ಹೇಗಿರುತ್ತದೆಂದು ಅವನು ಕಂಡವನಲ್ಲ. ಈಗ ಅಷ್ಟೂ ಮುಖಗಳು ಅವನ ಕಡೆಗಿದ್ದವು. ಮೂರನೆಯ ಸಾಲಿನಲ್ಲಿ ಒಬ್ಬಳು ಕರವಸ್ತ್ರದಿಂದ ಮೂಗೊರೆಸಿಕೊಳ್ಳುತ್ತಿದ್ದಳು. ಒಂದು ಉಸಿರಿನಷ್ಟು ಹೊತ್ತು ಅವನಿಗೆ ಅತ್ತಿಗೆ ನೆನಪಾದಳು. ಆಗಲಿಲ್ಲ ಎಂದು ನಾನು ಹೇಳುವುದಿಲ್ಲ. ನೆನಪಾದಳು, ಅವನು ನೆನಪನ್ನು ಪಕ್ಕಕ್ಕೆ ಸರಿಸಿದ.

"ನಿಜ" ಅಂದ. ಅಷ್ಟಕ್ಕೇ ಬಿಟ್ಟನೇ? ದನಿಯನ್ನು ಬೇಕಾದಷ್ಟೇ ನಡುಗಿಸಿ, "ಹೊಡೆಯೋ ಕೈನೇ ಅನ್ನ ಹಾಕೋ ಕೈ ಆಗಿದ್ದರೆ, ನೋವನ್ನ ಯಾರ ಹತ್ರ ಹೇಳ್ಕೊಳ್ಳಲಿ?" ಅಂದ. ಚಿತ್ರಮಂದಿರದಲ್ಲಿ ಈ ಮಾತಿಗೆ ಶಿಳ್ಳೆ ಬೀಳುತ್ತಿತ್ತು. ಇಲ್ಲಿ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಟಾರ್ಚಣ್ಣನ ಬಾಳಿನಲ್ಲಿ ಅಷ್ಟು ಸುಖದ ಗಳಿಗೆ ಇನ್ನೊಂದಿರಲಿಲ್ಲ.

ಆರನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದು ಬಾಗಿಲ ಕಡೆ ಓಡಿದಳು. ಅವಳು ಅದೇ ಕಾಲೇಜಿನ ಪ್ರಯೋಗಾಲಯದ ಸಹಾಯಕಿ. ಅವಳ ಎರಡು ವರ್ಷದ ಮಗ ಆ ಹೊತ್ತಿನಲ್ಲಿ ಅತ್ತಿಗೆಯ ಮನೆಯಲ್ಲಿ ಮಲಗಿದ್ದ. ಟಾರ್ಚಣ್ಣನಿಗೆ ಅವಳ ಗುರುತು ಹತ್ತಿತು. ತನ್ನವರೊಬ್ಬರು ಸಭೆಯಲ್ಲಿದ್ದರಲ್ಲ ಎಂದು ಅವಳತ್ತ ನೋಡಿ ನಕ್ಕ.

ಅವಳು ಏದುಸಿರು ಬಿಡುತ್ತ ಬಂದದ್ದನ್ನು ಕಂಡು ಅತ್ತಿಗೆ, "ಯಾಕಮ್ಮ, ಮೈ ಹುಷಾರಿಲ್ವಾ?" ಎಂದು ನೀರು ತರಲು ಹೋದಳು. ನೀರು ತರುವಷ್ಟರಲ್ಲಿ ಆ ತಾಯಿ ಮಲಗಿದ್ದ ಮಗುವಿನ ಅಂಗಿ ಎತ್ತಿ ಬೆನ್ನು, ತೊಡೆ, ಕಂಕುಳು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಎಲ್ಲೂ ಏನೂ ಇರಲಿಲ್ಲ. ಒಂದು ಮಾತೂ ಆಡದೆ ಮಗುವನ್ನು ಎತ್ತಿಕೊಂಡು ಹೋದಳು. ಅತ್ತಿಗೆ ನೀರಿನ ಲೋಟ ಹಿಡಿದುಕೊಂಡು ಹಜಾರದ ಮಧ್ಯೆ ನಿಂತಿದ್ದಳು.

ಸಂಜೆ ಟಾರ್ಚಣ್ಣ ಕಟ್ಟು ಹಾಕಿಸಿದ ಪ್ರಮಾಣಪತ್ರದೊಂದಿಗೆ ಬಂದ. ಅತ್ತಿಗೆ ಅದನ್ನು ಸೆರಗಿನಿಂದ ಒರೆಸಿ ಗೋಡೆಗೆ ಒರಗಿಸಿಟ್ಟಳು. ಆಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಎಂಟು ಮಕ್ಕಳಲ್ಲಿ ಮೂರು ಬಂದವು. ಅದರ ಮಾರನೆಯ ದಿನ ಒಂದೂ ಬರಲಿಲ್ಲ. ಒಬ್ಬಳು ನರ್ಸು ಮಾತ್ರ, ಐದು ವರ್ಷದಲ್ಲಿ ಎರಡು ಮಕ್ಕಳನ್ನು ಅತ್ತಿಗೆಯ ಕೈಯಲ್ಲಿ ಬೆಳೆಸಿಕೊಂಡವಳು, ಬಾಟಲಿ ಬಟ್ಟೆಗಳನ್ನು ವಾಪಸು ಒಯ್ಯಲು ಬಂದವಳು, ಮುಖ ಬೇರೆಡೆ ತಿರುಗಿಸಿಕೊಂಡು ಎಲ್ಲವನ್ನೂ ಹೇಳಿದಳು. "ನಂಗೆ ನಂಬಿಕೆ ಇಲ್ಲ ಅಕ್ಕ. ಆದ್ರೆ ಮನೇಲಿ ಇವ್ರು ಕೇಳಲ್ಲ."

ಅವಳು ಹೋದಮೇಲೆ ಅತ್ತಿಗೆ ಮಕ್ಕಳ ಚಾಪೆಯ ಮೇಲೆ ಕೂತಳು.

"ಏನು ಹೇಳಿದೆ ನೀನು?"

"ಕಥೆ ಹೇಳ್ದೆ ಅತ್ತಿಗೆ. ಸಿನಿಮಾ ಕಥೆ."

"ಯಾವ ಸಿನಿಮಾ?"

ಅವನು ಹೇಳಿದ. ಅವಳು ಚಾಪೆಯ ಮೇಲೆ ಬಿದ್ದಿದ್ದ ಗಿಲಕಿಯೊಂದನ್ನು ಎತ್ತಿ ಪಕ್ಕಕ್ಕಿಟ್ಟಳು. "ಅದನ್ನ ನಾನೂ ನೋಡಿದೀನಿ. ನೀನೇ ಪಾಸ್ ಕೊಡಿಸಿದ್ದೆ. ನಿಮ್ಮಣ್ಣ ನಾನು ಇಬ್ರೂ ಅತ್ತಿದ್ವಿ. ಆ ಹೆಂಗಸಿಗೆ ಹುಳ ಬೀಳ್ಲಿ ಅಂತ ಶಾಪ ಹಾಕಿದ್ದೆ ನಾನು." ಆಮೇಲೆ ಎದ್ದಳು. "ಕಾಲೇಜಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳು. ಈಗಲೇ ಹೋಗು."

ಟಾರ್ಚಣ್ಣ ಮಂಡಿನೋವು ಮರೆತು ಓಡಿದ. ಮೇಷ್ಟ್ರ ಕೋಣೆಯಲ್ಲಿ ಗುಬ್ಬಿಯೂ ಇದ್ದಳು. ಅವನು ಕೈಮುಗಿದು, ತಾನು ಹೇಳಿದ್ದೆಲ್ಲ ಸುಳ್ಳು, ಸಿನಿಮಾದ್ದು, ಅತ್ತಿಗೆ ದೇವರಂಥವಳು, ದಯವಿಟ್ಟು ಹಾಗೆಂದು ಬರೆದುಕೊಡಿ ಎಂದು ಬೇಡಿಕೊಂಡ. ಮೇಷ್ಟ್ರು ಬೇಸರಿಸಿಕೊಳ್ಳಲಿಲ್ಲ. ಕರುಣೆಯಿಂದ ಅವನನ್ನು ಕೂರಿಸಿ ಗುಬ್ಬಿಗೆ ಹೇಳಿದರು: "ನೋಡಿದೆಯಾ? ನಾನು ತರಗತೀಲಿ ಹೇಳಿದ್ದೆನಲ್ಲ. ಹಿಂಸೆ ಅನುಭವಿಸಿದವರು ಮನೆಗೆ ಹೋದಮೇಲೆ ಮಾತು ಹಿಂದಕ್ಕೆ ತಗೋತಾರೆ. ಹೊಡೆದವರನ್ನೇ ದೇವರು ಅಂತಾರೆ."

ಗುಬ್ಬಿ ಅವನ ಪಕ್ಕ ಬಂದು ಕೂತಳು. ಅವಳ ಕಣ್ಣು ತುಂಬಿತ್ತು. "ಅಂಕಲ್, ನಿಜ ಹೇಳಿ. ನಿಮ್ಮನ್ನ ಇಲ್ಲಿಗೆ ಆಂಟಿ ಕಳಿಸಿದ್ರಾ?"

ಇನ್ನು ಸುಳ್ಳು ಹೇಳಬಾರದೆಂದು ಅವನು ದಾರಿಯುದ್ದಕ್ಕೂ ಆಣೆ ಮಾಡಿಕೊಂಡು ಬಂದಿದ್ದ. "ಹೌದು ಮಗಳೇ. ಅವ್ರೇ ಕಳಿಸಿದ್ದು" ಅಂದ.

ಗುಬ್ಬಿ ಅದನ್ನು ಬರೆದುಕೊಂಡಳು.

ಎರಡು ದಿನ ಬಿಟ್ಟು ಮೇಷ್ಟ್ರ ಜೊತೆ ಇಬ್ಬರು ಸರ್ಕಾರಿ ಅಧಿಕಾರಿಗಳು ಬಂದರು. ಚಿಲಕವನ್ನು ಎಳೆದು, ಹಾಕಿ, ಮತ್ತೆ ಎಳೆದು ನೋಡಿದರು. ಹಿತ್ತಿಲ ತೊಟ್ಟಿಯನ್ನು ಅತ್ತಿಗೆ ತೋರಿಸಿದಳು. ಅವರು ತಲೆಯಾಡಿಸಿ, ಮುಚ್ಚಳವಿಲ್ಲದ ತೊಟ್ಟಿ ಎಂದು ಇನ್ನೊಂದು ಸಾಲು ಬರೆದುಕೊಂಡರು. ವಿಚಾರಣೆ ಮುಗಿಯುವ ತನಕ ಆ ಮನೆಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ, ಟಾರ್ಚಣ್ಣನನ್ನು ಅನಾಥಾಲಯದ ವೃದ್ಧರ ವಿಭಾಗಕ್ಕೆ ಸೇರಿಸಬೇಕು ಎಂದರು. ಟಾರ್ಚಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡು, "ನಾನು ಬರಲ್ಲ, ಇದು ನನ್ನ ಮನೆ" ಎಂದು ಮಕ್ಕಳ ಹಾಗೆ ಅತ್ತ. ನೆರೆಯವರೆಲ್ಲ ತಂತಮ್ಮ ಮೆಟ್ಟಿಲ ಮೇಲೆ ನಿಂತು ನೋಡಿದರು. ಕೊನೆಗೆ ಅವನ ಬೆರಳು ಬಿಡಿಸಿದವಳು ಅತ್ತಿಗೆಯೇ.

"ಹೋಗು. ನೀನು ಇಲ್ಲೇ ಇದ್ರೆ ಬೆಳಗೆದ್ದು ನಿನ್ನ ಮುಖ ನೋಡ್ಬೇಕು ನಾನು" ಅಂದಳು.

ಗುಬ್ಬಿ ಗೇಟಿನ ಆಚೆ ನಿಂತಿದ್ದಳು. ಅತ್ತಿಗೆ ಹೊಲಿದ ಪಟ್ಟಿ ಅವಳ ಹೆಗಲ ಮೇಲೆ ಗಟ್ಟಿಯಾಗಿ ಕೂತಿತ್ತು. ಅವಳ ಮನಸ್ಸಿನಲ್ಲಿ ಒಂದು ಅನುಮಾನ ಸುಳಿದದ್ದು ಹೌದು. ಆ ಸಂಜೆ ಮೇಷ್ಟ್ರ ಹತ್ತಿರ, "ಸರ್, ಒಂದು ವೇಳೆ ಅವ್ರು ಹೇಳಿದ್ದು ಸಿನಿಮಾ ಕಥೆನೇ ಆಗಿದ್ರೆ?" ಎಂದು ಕೇಳಿದಳು. "ಆಗಿದ್ರೆ ನಿನ್ನ ಮೂವತ್ತು ಗಂಟೆ ಸೊನ್ನೆ ಆಗುತ್ತೆ. ಪರೀಕ್ಷೆ ಸೋಮವಾರ" ಎಂದು ಅವರು ನಗುತ್ತಲೇ ಹೇಳಿದರು. ಅವಳು ಮತ್ತೆ ಕೇಳಲಿಲ್ಲ. ಫಲಿತಾಂಶವೆಂಬ ಕೊನೆಯ ಜಾಗದಲ್ಲಿ 'ಫಲಾನುಭವಿಯನ್ನು ಸುರಕ್ಷಿತ ಸ್ಥಳಕ್ಕೆ ಸ್ಥಳಾಂತರಿಸಲಾಗಿದೆ' ಎಂದು ಬರೆದಳು. ಸಹಿ ಬಿತ್ತು.

ಅನಾಥಾಲಯದಲ್ಲಿ ಟಾರ್ಚಣ್ಣನಿಗೆ ಕಿಟಕಿಯ ಪಕ್ಕದ ಮಂಚ ಸಿಕ್ಕಿತು, ಸಮಯಕ್ಕೆ ಸರಿಯಾಗಿ ಊಟ ಸಿಕ್ಕಿತು. ಹದಿನಾರು ಮಂಚದ ಆ ಹಾಲಿನಲ್ಲಿ ಬೆಳಿಗ್ಗೆಯಿಂದ ಟೀವಿ ಅರಚುತ್ತಿತ್ತು. ಮೊದಮೊದಲು ಅವನು ಸಿಕ್ಕಿದವರಿಗೆಲ್ಲ ತನ್ನ ಅತ್ತಿಗೆಯ ಒಳ್ಳೆಯತನವನ್ನು ಹೇಳುತ್ತಿದ್ದ. ಪಕ್ಕದ ಮಂಚದವನು ಒಂದು ದಿನ, "ಅಷ್ಟು ಒಳ್ಳೆಯವಳಾದ್ರೆ ನೀನು ಯಾಕಯ್ಯ ಇಲ್ಲಿದೀಯಾ?" ಅಂದ. ಅಂದಿನಿಂದ ಅವನು ಹೇಳುವುದನ್ನು ಬಿಟ್ಟ. ಅವಳು ಬರುತ್ತಾಳೆಂದು ಮಾತ್ರ ಕಾದ. ಅವಳ ಸಿಟ್ಟು ಎಷ್ಟು ದಿನದ್ದು, ಅವನಿಗೆ ಗೊತ್ತಿಲ್ಲವೇ? ಬೈದುಕೊಂಡು ಬಂದು, ಬೈದುಕೊಂಡೇ ಕರೆದುಕೊಂಡು ಹೋಗುತ್ತಾಳೆ.

ನಾಲ್ಕು ತಿಂಗಳ ಮೇಲೆ ಅವಳು ಬಂದಳು. ಅವನ ಉಳಿದ ಬಟ್ಟೆಗಳನ್ನೂ ಕೋಟನ್ನೂ ಒಂದು ಚೀಲದಲ್ಲಿ ತಂದಿದ್ದಳು. ಹಿಂಸೆ ಕೊಟ್ಟ ಆರೋಪವಿದ್ದವರು ಒಬ್ಬರೇ ಭೇಟಿಯಾಗುವಂತಿಲ್ಲ ಎಂದು ಮೇಲ್ವಿಚಾರಕಿ ಮೇಜಿನ ಇನ್ನೊಂದು ತುದಿಯಲ್ಲಿ ಪುಸ್ತಕ ತೆರೆದುಕೊಂಡು ಕೂತಳು. ಅತ್ತಿಗೆ ಇಳಿದುಹೋಗಿದ್ದಳು.

"ಊಟ ಸೇರುತ್ತಾ?"

"ಸೇರುತ್ತೆ."

"ಮಂಡಿ?"

"ಹಾಗೇ ಇದೆ." ಅವನಿಗೆ ತಡೆಯಲಾಗಲಿಲ್ಲ. "ಅತ್ತಿಗೆ, ತಪ್ಪಾಯ್ತು. ನನ್ನನ್ನ ಮನೆಗೆ ಕರ್ಕೊಂಡು ಹೋಗಿ. ಮೂಲೇಲಿ ಬಿದ್ದಿರ್ತೀನಿ. ಬಾಯಿ ಬಿಚ್ಚಲ್ಲ."

"ಹೆದರಬೇಡಿ ಅಜ್ಜ, ನಾವಿದ್ದೀವಿ" ಎಂದು ಮೇಲ್ವಿಚಾರಕಿ ಅವನ ತೋಳು ಮುಟ್ಟಿದಳು.

ಅತ್ತಿಗೆ ಅವಳನ್ನೊಮ್ಮೆ ನೋಡಿದಳು, ಆಮೇಲೆ ಅವನನ್ನು. "ಯಾವ ಮನೆ? ಅದನ್ನ ಬಿಟ್ಟು ಎರಡು ತಿಂಗಳಾಯ್ತು. ಮಕ್ಕಳಿಲ್ಲದೆ ಅದನ್ನ ಇಟ್ಕೊಂಡು ಏನ್ಮಾಡ್ಲಿ? ತಮ್ಮನ ಮನೇಲಿದ್ದೀನಿ."

"ಅಲ್ಲಿ ಚೆನ್ನಾಗಿ ನೋಡ್ಕೋತಾರಾ?"

"ಚೆನ್ನಾಗೇ ನೋಡ್ಕೋತಾರೆ." ಅವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. "ತಮ್ಮನ ಸೊಸೆಗೆ ಮಗು ಆಗಿದೆ. ಮೂರು ತಿಂಗಳು. ಹೊಟ್ಟೆನೋವಿಗೆ ಅಳುತ್ತೆ. ಅದು ಹೊಟ್ಟೆನೋವಿನ ಅಳು ಅಂತ ನಂಗೆ ಒಳಗೆ ಕೂತ್ರೂ ಗೊತ್ತಾಗುತ್ತೆ, ಹೇಗೆ ಎತ್ಕೊಂಡ್ರೆ ನಿಲ್ಲುತ್ತೆ ಅಂತಾನೂ ಗೊತ್ತು. ಎದ್ದು ಹೋಗ್ತೀನಿ. ನಾನು ತೊಟ್ಟಿಲ ಹತ್ರ ಹೋಗೋಕೆ ಮುಂಚೆ ಅವಳು ಓಡಿಬಂದು ಎತ್ಕೋತಾಳೆ. ಒಂದು ಮಾತೂ ಅನ್ನಲ್ಲ, ಒಳ್ಳೆ ಹುಡುಗಿ. ಎತ್ಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕ್ಕೋತಾಳೆ. ಮಗು ಒಳಗೆ ಅಳ್ತಾನೇ ಇರುತ್ತೆ."

ಟಾರ್ಚಣ್ಣ ಬಾಯಿ ತೆರೆದ. ಅತ್ತಿಗೆ ಎದ್ದು, ಭೇಟಿಯ ಪುಸ್ತಕಕ್ಕೆ ಸಹಿ ಹಾಕಿದಳು.

"ಇದನ್ನಾದ್ರೂ ಯಾರಿಗೂ ಹೇಳ್ಬೇಡ" ಎಂದು ಹೇಳಿ ಹೋದಳು.